ಒಂಬತ್ತು ಚುಕ್ಕಿಯ ಕೊಂಬಿನ ಓತಿಕ್ಯಾತ

ಹೋದ ವರ್ಷ ಶ್ರಾವಣ ಮಾಸದಲ್ಲಿ ನಡೆದದ್ದು. ನಾವಿರುವುದು ಸಿಂಗಪುರದ ಹೌಗಾಂಗ್‌ನಲ್ಲಿ, ಒಂಬತ್ತನೇ ಮಹಡಿಯ ಫ್ಲ್ಯಾಟ್‌ನಲ್ಲಿ. ಯಜಮಾನರು ಕೆಲಸದ ಮೇಲೆ ಎರಡು ತಿಂಗಳು ಜಕಾರ್ತಾಗೆ ಹೋಗಿದ್ದರು. ಮೂರನೇ ಕ್ಲಾಸಿನ ಮಗಳು ಧೃತಿಯನ್ನು ನೋಡಿಕೊಳ್ಳಲು ಮೈಸೂರಿನಿಂದ ನನ್ನ ಅಮ್ಮ ಬಂದಿದ್ದಳು. ಶುಕ್ರವಾರ ಬಾಗಿಲ ಮುಂದೆ ರಂಗೋಲಿ ಬೀಳದಿದ್ದರೆ ಅಮ್ಮನಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. "ಇದು ಎಲ್ರೂ ಓಡಾಡೋ ಕಾರಿಡಾರ್ ಅಮ್ಮಾ. ಯಾರಾದ್ರೂ ಒಬ್ರು ಕಂಪ್ಲೇಂಟ್ ಮಾಡಿದ್ರೆ ನಿನ್ನ ರಂಗೋಲಿ ಬಂದ್" ಎಂದು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದೆ.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು. ಪಾಯಾ ಲೆಬಾರ್‌ನ ಆಫೀಸಿನಲ್ಲಿ ಕೂತು, ಗ್ರಾಹಕರು ಕೊಡುವ ದಾಖಲೆಗಳು ಅಸಲಿಯೋ ನಕಲಿಯೋ ನೋಡುವವಳು ನಾನು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುವುದಿಲ್ಲ ಎಂದು ಯಜಮಾನರು ಆಗಾಗ ಗೊಣಗುತ್ತಾರೆ.

ಒಂದು ಮಂಗಳವಾರ ಶಾಲೆಯಿಂದ ಫೋನ್ ಬಂತು. ಸಾಧ್ಯವಾದರೆ ಇವತ್ತೇ ಬನ್ನಿ ಎಂದರು. ಮಗು ಬಿದ್ದು ಏಟು ಮಾಡಿಕೊಂಡಿತೇನೋ ಎಂದು ಟ್ಯಾಕ್ಸಿ ಹಿಡಿದು ಹೋದೆ. ಧೃತಿ ಚಿತ್ರಕಲೆಯ ಟೀಚರ್ ಮಿಸ್ ಲಿಮ್ ಅವರ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಗಾಯಗೀಯ ಏನೂ ಇರಲಿಲ್ಲ.

ಮಿಸ್ ಲಿಮ್ ಮೆತ್ತಗೆ ವಿಷಯ ಹೇಳಿದರು. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಒಂದು ಪ್ರಾಣಿಯನ್ನು ನೀವೇ ಕಲ್ಪಿಸಿಕೊಂಡು ಬರೆಯಿರಿ ಎಂದು ಮಕ್ಕಳಿಗೆ ಕೊಟ್ಟಿದ್ದರಂತೆ. ಚೆನ್ನಾಗಿದ್ದ ಐದು ಚಿತ್ರಗಳನ್ನು ಶಾಲೆಯ ಗೋಡೆಗೆ ಹಾಕುತ್ತಾರೆ. ಧೃತಿಯ ಚಿತ್ರ ಅದರಲ್ಲಿ ಮೊದಲನೆಯದಾಗಿತ್ತು. ಆಮೇಲೆ ಇನ್ನೊಬ್ಬ ಟೀಚರ್ ನೋಡಿ, ಈ ಪ್ರಾಣಿ ನಿಜವಾಗಿಯೂ ಇದೆಯಲ್ಲ ಎಂದರಂತೆ.

ಚಿತ್ರವನ್ನು ನನ್ನ ಮುಂದಿಟ್ಟರು. ಅಂಗೈಯಲ್ಲಿ ತಟ್ಟಿದ ಹಿಟ್ಟಿನಂತೆ ಚಪ್ಪಟೆಯಾದ ಒಂದು ಓತಿಕ್ಯಾತ. ಮೈಯ ಅಂಚಿನುದ್ದಕ್ಕೂ ಮುಳ್ಳು, ತಲೆಯ ಮೇಲೆ ಎರಡು ಕೊಂಬು, ಎರಡೂ ಕಣ್ಣಿಂದ ಕೆಂಪು ಚಿಲುಮೆ. ಎದುರಿಗೆ ಒಂದು ಬಿಳಿ ನಾಯಿಮರಿ ಬಾಲ ಮುದುರಿ ಓಡುತ್ತಿದೆ. 'ಇದಕ್ಕೆ ನಾಯಿ ಕಂಡರೆ ಭಯ. ಹತ್ತಿರ ಬಂದರೆ ಕಣ್ಣಿಂದ ರಕ್ತ ಹಾರಿಸುತ್ತದೆ' ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದಳು. ಮಿಸ್ ಲಿಮ್ ತಮ್ಮ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಅಲ್ಲಿದ್ದದ್ದು ಫೋಟೊ. ಅದೇ ಚಪ್ಪಟೆ ಮೈ, ಅದೇ ಮುಳ್ಳು, ಅದೇ ಕೊಂಬು. ಅಮೆರಿಕ, ಮೆಕ್ಸಿಕೊಗಳ ಮರಳುಗಾಡಿನಲ್ಲಿ ಇರುವ ಹಲ್ಲಿಯ ಜಾತಿಯಂತೆ. ನಾಯಿ, ನರಿ ಮೇಲೆ ಬಿದ್ದರೆ ಕಣ್ಣಿನ ಅಂಚಿನಿಂದ ರಕ್ತ ಚಿಮ್ಮಿಸುತ್ತದಂತೆ!

ಅಂಥ ನಾಚಿಕೆಯಲ್ಲೂ ನನಗೆ ಆ ಫೋಟೊದಿಂದ ಕಣ್ಣು ಕೀಳಲಾಗಲಿಲ್ಲ. ಇಂಥದ್ದೊಂದು ಜೀವ ಇರಲು ಸಾಧ್ಯವೇ? ಎರಡು ನಿಮಿಷ ಮಗಳನ್ನೇ ಮರೆತು ನೋಡಿದೆ.

"ನೋಡಿ ಬರೆದದ್ದು ತಪ್ಪಲ್ಲ, ನಾನೇ ಕಲ್ಪಿಸಿದ್ದು ಅನ್ನೋದು ತಪ್ಪು" ಎಂದರು ಮಿಸ್ ಲಿಮ್. ಧೃತಿ ಮಾತ್ರ "ನಾನು ನೋಡಿಲ್ಲ" ಎನ್ನುವುದನ್ನು ಬಿಟ್ಟು ಬೇರೆ ಮಾತೇ ಆಡಲಿಲ್ಲ.

ಮನೆಗೆ ಬಂದವಳೇ ನನ್ನ ಆಫೀಸು ಶುರು ಮಾಡಿದೆ. ಅವಳ ಟ್ಯಾಬ್‌ನಲ್ಲಿ ಏನೇನು ನೋಡಿದ್ದಾಳೆಂದು ಒಂದೊಂದಾಗಿ ತೆಗೆದೆ. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಹಾಳೆ ಹಾಳೆ ಮಗುಚಿದೆ. ಏನೂ ಸಿಗಲಿಲ್ಲ. ಸಿಗದೆ ಹೋದಷ್ಟೂ ಸಿಟ್ಟು ಏರಿತು.

"ಎಲ್ಲಿ ನೋಡ್ದೆ ಹೇಳು. ಫ್ರೆಂಡ್ ಮನೇಲಾ?"

"ನೋ ಲಾ ಅಮ್ಮಾ! ನಾನೇ ಮಾಡಿದ್ದು."

"ನಾಯಿಗೆ ಮಾತ್ರ ರಕ್ತ ಹಾರಿಸತ್ತೆ ಅನ್ನೋದೂ ನೀನೇ ಮಾಡಿದ್ದಾ?"

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೆರಗು ಸರಿಮಾಡಿಕೊಂಡಳು. ಆಮೇಲೆ, "ಸುಮಾ, ಮಗು ಮೇಲೆ ಯಾಕೆ ಹಂಗೆ ಹಾರಾಡ್ತೀಯ? ಅವಳೇ ಬರ್ದಿದ್ದು ಕಣೇ, ನಂಗೊತ್ತು" ಎಂದಳು.

"ನಿಂಗೇನು ಗೊತ್ತು?"

"ಗೊತ್ತು ಅಂದ್ನಲ್ಲ" ಎಂದು ಅಡುಗೆಮನೆಗೆ ಹೋದಳು.

"ಸರಿಹೋಯ್ತು, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ" ಎಂದೆ. ಇಬ್ಬರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಆ ಊಹೆ ತಪ್ಪೂ ಆಗಿರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಕದಿಯುವುದಕ್ಕಿಂತ ಸುಳ್ಳು ಸಾಧಿಸುವುದು ದೊಡ್ಡ ತಪ್ಪು ಎಂದು ಭಾಷಣ ಮಾಡಿ, ಮಿಸ್ ಲಿಮ್‌ಗೆ ಕ್ಷಮಾಪಣೆ ಕಾಗದ ಬರೆಯಲು ಕೂರಿಸಿದೆ. ಧೃತಿ ಪೆನ್ಸಿಲ್ ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು: "ಎಲ್ಲಿಂದ ಕಾಪಿ ಮಾಡ್ದೆ ಅಂತ ಬರೀಲಿ ಅಮ್ಮಾ? ಬುಕ್ಕಾ, ಇಂಟರ್ನೆಟ್ಟಾ?"

"ಅದು ನಿಂಗೇ ಗೊತ್ತಿರ್ಬೇಕು."

"ಇಂಟರ್ನೆಟ್ ಅಂತ ಬರೀತೀನಿ."

ದಿನವಿಡೀ ನಕಲಿ ಹಿಡಿಯುವ ನನ್ನ ಕಿವಿಗೆ ಆ ಪ್ರಶ್ನೆ ಬಿದ್ದೂ ಬೀಳಲಿಲ್ಲ. ಒಂದು ಕಡೆ ಸ್ಪೆಲ್ಲಿಂಗ್ ತಪ್ಪಿತ್ತು, ಅದನ್ನು ತಿದ್ದಿದೆ. ಮರುದಿನ ಅವಳೇ ಕಾಗದ ಒಯ್ದು ಕೊಟ್ಟು ಬಂದಳು.

ಆ ವಾರವೆಲ್ಲ ಎಂಆರ್‌ಟಿ ರೈಲಿನಲ್ಲಿ ಹೋಗುವಾಗ ಬರುವಾಗ ಆ ಕೊಂಬಿನ ಹಲ್ಲಿಯ ಬಗ್ಗೆಯೇ ಓದಿದೆ. ಅದರ ಊಟ ಹೆಚ್ಚಾಗಿ ಇರುವೆ. ಅಪಾಯ ಕಂಡರೆ ಮೊದಲು ಅಲುಗಾಡದೆ ನೆಲಕ್ಕೆ ಅಂಟಿಕೊಳ್ಳುತ್ತದೆ, ನೆಲದ ಬಣ್ಣವೇ ಮೈಬಣ್ಣ. ಅದೂ ಸಾಗದಿದ್ದರೆ ಗಾಳಿ ತುಂಬಿಕೊಂಡು ಉಬ್ಬುತ್ತದೆ. ರಕ್ತ ಹಾರಿಸುವುದು ಕೊನೆಯ ಉಪಾಯ. ಆ ರಕ್ತದ ರುಚಿ ನಾಯಿ ಜಾತಿಗೆ ಆಗಿಬರುವುದಿಲ್ಲವಂತೆ. ಓದಿದಷ್ಟೂ ಬೆರಗು, ಜೊತೆಗೆ ಸಂಕಟ. ಇಷ್ಟೆಲ್ಲ ಎಂಟೊಂಬತ್ತು ವರ್ಷದ ಮಗುವಿಗೆ ತಾನಾಗಿ ಹೊಳೆಯುವುದುಂಟೇ? ಖಂಡಿತ ಎಲ್ಲೋ ನೋಡಿದ್ದಾಳೆ ಅನ್ನಿಸುತ್ತಿತ್ತು. ಶುಕ್ರವಾರ ಅಮ್ಮ ಒಬ್ಬಳೇ ಕೂತು ರಂಗೋಲಿ ಹಾಕಿದಳು. ಪ್ರತಿ ಶುಕ್ರವಾರ ಅಜ್ಜಿಯ ಜೊತೆ ಕೂತು ಬರೆಯುತ್ತಿದ್ದ ಧೃತಿ ಹೊರಗೆ ಬರಲಿಲ್ಲ, ಬಣ್ಣದ ಡಬ್ಬಿಯನ್ನೂ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ತರಕಾರಿಗೆ ಹೊರಟಿದ್ದೆ. ಲಿಫ್ಟ್ ಹತ್ತಿರ ಪಕ್ಕದ ಮನೆಯ ಐರೀನ್ ಆಂಟಿ ಸಿಕ್ಕರು. ರಿಟೈರ್ ಆದವರು, ಒಂಟಿ. ಕೊಕೊ ಎಂಬ ಬಿಳಿ ನಾಯಿಮರಿಯೇ ಅವರ ಸಂಸಾರ. ನಿನ್ನೆ ನಿನ್ನ ಮಗಳು ಯಾಕೆ ನೆಲದ ಮೇಲೆ ಬರೆಯಲಿಲ್ಲ, ಅವತ್ತು ಕೊಕೊ ಹೆದರಿದ್ದಕ್ಕೆ ಇನ್ನೂ ಬೇಜಾರೇ ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರು ನಗುತ್ತಾ ಫೋನ್ ತೆಗೆದರು. ಮೂರು ವಾರದ ಹಿಂದಿನ ಶುಕ್ರವಾರ, ನಾನು ಆಫೀಸಿನಲ್ಲಿದ್ದ ಹೊತ್ತಿನ ಫೋಟೊ. ಕೊಕೊ ಮೂಗಿನ ತುಂಬ ಕೆಂಪು ರಂಗೋಲಿ ಪುಡಿ. ಹಿಂದೆ ನೆಲದ ಮೇಲೆ ಚಪ್ಪಟೆಯಾದ, ಮುಳ್ಳು ಮುಳ್ಳಾದ ಒಂದು ಓತಿಕ್ಯಾತ. ಅದರ ಕಣ್ಣಿಗೆ ತುಂಬಿದ ಕೆಂಪು ಪುಡಿ ಗಾಳಿಗೆ ಎರಡು ಗೆರೆಯಾಗಿ ಹರಡಿಕೊಂಡಿತ್ತು. ಮೂಸಲು ಹೋದ ಕೊಕೊ ಆರು ಸಲ ಸೀನಿ, ಮನೆಯೊಳಗೆ ಓಡಿ, ಮಂಚದ ಕೆಳಗಿಂದ ಹೊರಗೇ ಬರಲಿಲ್ಲವಂತೆ. "ನಿಮ್ಮಮ್ಮ ಪಾಪ ಕೈಮುಗಿದೂ ಮುಗಿದೂ ಸಾಕಾದರು, ನಾನು ನಕ್ಕು ನಕ್ಕು ಸಾಕಾದೆ" ಎಂದರು.

ತರಕಾರಿ ಚೀಲ ಹಿಡಿದುಕೊಂಡೇ ವಾಪಸ್ ಬಂದೆ. ಧೃತಿ ಸೋಫಾದಲ್ಲಿದ್ದಳು. ಅವಳ ಮುಂದೆ ನೆಲದ ಮೇಲೆ ಕೂತು, "ಪುಟ್ಟಾ, ಅದನ್ನ ಹೇಗೆ ಬರ್ದೆ?" ಎಂದೆ. ಆ ನಾಲ್ಕು ದಿನದಲ್ಲಿ 'ಎಲ್ಲಿ ನೋಡ್ದೆ' ಎಂದು ನೂರು ಸಲ ಕೇಳಿದ್ದೆನೇ ಹೊರತು 'ಹೇಗೆ' ಎಂದು ಒಂದು ಸಲವೂ ಕೇಳಿರಲಿಲ್ಲ.

ಅವಳು ಅಜ್ಜಿಯ ರಂಗೋಲಿ ಪುಸ್ತಕ ತಂದಳು. ಒಂಬತ್ತು ಚುಕ್ಕಿಯಿಂದ ಎರಡೂ ಕಡೆ ಒಂದಕ್ಕೆ ಇಳಿಯುವ ರಂಗೋಲಿ. ಹೂವು ಬರೆಯಲು ಬೇಜಾರಾಗಿ, ಕಟ್ಟಡದ ಕೆಳಗಿನ ತೆರೆದ ಜಾಗ ವಾಯ್ಡ್ ಡೆಕ್ ಹತ್ತಿರ ನೋಡಿದ್ದ ಓತಿಕ್ಯಾತ ಬರೆದಳಂತೆ. ಚುಕ್ಕಿಗಳು ಮಧ್ಯದಲ್ಲಿ ಅಗಲವಾಗಿದ್ದಕ್ಕೆ ಅದು ಚಪ್ಪಟೆಯಾಯಿತು.

"ಬದೀಲಿ ಚುಕ್ಕಿ ಉಳ್ಕೊಂಡ್ತು. ಒಂದು ಚುಕ್ಕಿನೂ ಸುಮ್ನೆ ಬಿಡಬಾರ್ದು ಅಂತಾರೆ ಅಜ್ಜಿ. ಅದಕ್ಕೇ ಎಲ್ಲಾ ಮುಳ್ಳು ಮಾಡ್ದೆ. ತಲೆ ಮೇಲೆ ಎರಡು ಉಳೀತು, ಅದು ಕೊಂಬು."

"ಮತ್ತೆ ಕೊಕೊ ವಿಷ್ಯ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಜ್ಜಿ ರಂಗೋಲಿ ಬಂದ್ ಮಾಡ್ತಿದ್ಯಲ್ಲ."

ಬಾಗಿಲಲ್ಲಿ ನಿಂತಿದ್ದ ಅಮ್ಮ, "ನಾನೇ ಹೇಳ್ಬೇಡ ಅಂದಿದ್ದು ಕಣೇ. ನಿನ್ ಕೋಪಕ್ಕೆ ಹೆದ್ರಿ" ಎಂದಳು. ನನಗೆ ಮುಖ ಎತ್ತಲಾಗಲಿಲ್ಲ. ಮಗಳ ಮೊಣಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

ಶಾಲೆಯಲ್ಲಿ ಆ ಹಲ್ಲಿಯ ಫೋಟೊವನ್ನು ಅವಳು ಭಯದಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ಇಬ್ಬರೂ ಕೂತು ನೋಡಿದೆವು. ತಾನು ಕಲ್ಪಿಸಿದ್ದು ಮೊದಲೇ ಇತ್ತಲ್ಲ ಎಂದು ಅವಳಿಗೆ ಬೇಜಾರಾದೀತು ಎಂದುಕೊಂಡಿದ್ದೆ. ಅವಳು ಕಣ್ಣರಳಿಸಿ, "ಅಜ್ಜೀ, ನಮ್ದು ನಿಜವಾಗ್ಲೂ ಇದೆಯಂತೆ!" ಎಂದು ಕೂಗಿದಳು. ಆಮೇಲೆ ಅದಕ್ಕೆ ಕಣ್ಣು ಉರಿಯುವುದಿಲ್ಲವೇ, ಅಷ್ಟು ರಕ್ತ ಹೋದರೆ ಸುಸ್ತಾಗುವುದಿಲ್ಲವೇ, ಅಲ್ಲಿನ ನಾಯಿಗಳೂ ಸೀನುತ್ತವೆಯೇ ಎಂದು ಪ್ರಶ್ನೆಗಳ ಸುರಿಮಳೆ. 

ಸೋಮವಾರ ರಂಗೋಲಿ ಪುಸ್ತಕ, ಕೊಕೊ ಫೋಟೊ ಎರಡನ್ನೂ ತೆಗೆದುಕೊಂಡು ಶಾಲೆಗೆ ಹೋದೆವು. ಮಿಸ್ ಲಿಮ್ ಚುಕ್ಕಿಗಳ ಮೇಲೆ ಬೆರಳಾಡಿಸಿ ಎಣಿಸಿದರು, ಫೋಟೊ ನೋಡಿ ಜೋರಾಗಿ ನಕ್ಕರು. ಆಮೇಲೆ ಎದ್ದು ಬಂದು ಧೃತಿಯ ಎದುರು ಮಂಡಿಯೂರಿ ಸಾರಿ ಕೇಳಿದರು. ಚಿತ್ರ ಗೋಡೆಗೆ ಹೋಯಿತು, ಪಕ್ಕದಲ್ಲಿ ಚುಕ್ಕಿಯ ಹಾಳೆಯೂ ಹೋಯಿತು.

ಹೊರಡುವಾಗ ಮಿಸ್ ಲಿಮ್ ಆ ಕ್ಷಮಾಪಣೆ ಕಾಗದವನ್ನು ವಾಪಸ್ ಕೊಟ್ಟರು. ಧೃತಿ ತೆಗೆದುಕೊಳ್ಳಲಿಲ್ಲ. ಹರಿದು ಬಿಸಾಡಲು ನನಗೂ ಮನಸ್ಸಾಗಲಿಲ್ಲ, ನನ್ನ ಆಫೀಸ್ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ಮಗಳು ಅದನ್ನು ಎಂದೋ ಮರೆತಿದ್ದಾಳೆ. ನಾನು ಮಾತ್ರ ಆಗಾಗ ತೆಗೆದು ನೋಡುತ್ತೇನೆ. ಮಗು ಸುಳ್ಳು ಕಲಿತುಬಿಟ್ಟಿತಲ್ಲ ಎಂದು ಆ ದಿನ ಎಷ್ಟು ಹೆದರಿದ್ದೆ! ನನಗೆ ತಿಳಿದ ಮಟ್ಟಿಗೆ ಅವಳು ಬರೆದ ಮೊದಲ ಸುಳ್ಳು ಆ ಕಾಗದದಲ್ಲಿದೆ. ಅವಳನ್ನು ಕೂರಿಸಿ ಅದನ್ನು ಬರೆಸಿದವಳು ನಾನು.