ಅಂಗಿ ಗುಂಡಿಯ ಹೊಟ್ಟೆಯುರಿ

ಗೆಳೆಯರೇ, ನಾಳೆ ಮಗನ ಶಾಲೆಯಲ್ಲಿ ವಿಶೇಷ ಶಿಕ್ಷಣದ ಮೀಟಿಂಗ್. ಈ ವರ್ಷ ಅವನಿಗೆ ಏನೇನು ಕಲಿಸಬೇಕೆಂದು ಟೀಚರ್ ಜೊತೆ ಕೂತು ನಿರ್ಧರಿಸಬೇಕು. ಸಂಜೆ ಹೆಂಡತಿಯೆದುರು ನನ್ನ ತಾಲೀಮು: "ಅವನಿಗೆ ಅಂಗಿ ಗುಂಡಿ ಹಾಕೋಕೆ ಬರಲ್ಲ ಮೇಡಂ, ದಿನಾ ನಾನೇ ಹಾಕ್ತೀನಿ."

ದೊಮ್ಮಲೂರಿನಿಂದ ಊಟಕ್ಕೆ ಬಂದು ಸೋಫಾದಲ್ಲಿ ಒರಗಿದ್ದ ಭಾವಮೈದುನ ನಕ್ಕ. "ಯಾರ್ ಹೇಳಿದ್ದು ಭಾವ? ನಂಗೆ ಸೋಮಾರಿತನ ಅಂತ ನನ್ ಶರ್ಟಿಗೂ ಅವನೇ ಹಾಕ್ತಾನೆ." ಗುಂಡಿ ಬಿಚ್ಚಿ ಎದೆ ಮುಂದೆ ಚಾಚಿದ. ಮಗ ಬಂದು ನಿಧಾನವಾಗಿ ಎಲ್ಲವನ್ನೂ ಹಾಕಿದ. ಅವನು ಹಾಕಿದ್ದು ಗುಂಡಿ, ಉರಿದದ್ದು ನನ್ನ ಗುಂಡಿಗೆ.

"ನಾಳೆ ಮೀಟಿಂಗ್‌ಗೆ ನೀನೇ ಬಾರೋ" ಎಂದಳು ಹೆಂಡತಿ, ತಮ್ಮನಿಗೆ.

ಅವನು ಹೋದ ಮೇಲೆ ನಾನೂ ಗುಂಡಿ ಬಿಚ್ಚಿಕೊಂಡು ಅದೇ ಸೋಫಾದಲ್ಲಿ ಬಿದ್ದುಕೊಂಡೆ. ಮಗ ಬಂದ, ನನ್ನನ್ನೇ ನೋಡಿದ, ಫ್ಯಾನ್ ಹಾಕಿ ಹೋದ.

ಇರಲಿ. ಅವನಿಗೆ ಫ್ಯಾನ್ ಹಾಕಲು ಬರುತ್ತದೆಂದು ನಾಳೆ ನಾನೇ ಹೇಳುವುದು. ಅದನ್ನು ಭಾವಮೈದುನ ನೋಡಿಲ್ಲ!