ಐದು ಎಂ.ಎಲ್. ಅಂದರೆ ಎಷ್ಟು

ಸಿರಪ್ಪಿನ ಅಳತೆ ಮುಚ್ಚಳವನ್ನು ಮುಖದ ಎದುರು ಎತ್ತಿ ಹಿಡಿದಾಗ ಅವರ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ನ್ಯಾಮತಿ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿ ಇಟ್ಟಿದ್ದ ಯಜಮಾನರು ಅವರು. ಹಸುವಿಗೆ ಕುಡಿಸುವ ಕಾಲು ಲೀಟರ್ ಔಷಧಿ ಎಷ್ಟು ಲೋಟವಾಗುತ್ತದೆ ಎಂದು ಯಾರಾದರೂ ಕೇಳಿದರೆ ಬೇಸರವಿಲ್ಲದೆ ನೀರು ಸುರಿದು ತೋರಿಸುತ್ತಿದ್ದರು. ಟೀ ಚಮಚ ಐದು ಎಂ.ಎಲ್., ದೊಡ್ಡ ಚಮಚ ಹದಿನೈದು, ಅಡುಗೆಮನೆ ಚಮಚ ಮಾತ್ರ ನಂಬಬೇಡಿ ಎನ್ನುವುದು ಅವರ ಖಾಯಂ ಮಾತು.

ನನ್ನ ಮೊದಲ ಮಗಳಿಗೆ ಎರಡು ತುಂಬಿತ್ತು. ಜ್ವರ ಬಂತು. ಅಂಗಡಿ ಯಜಮಾನರು ಡಾಕ್ಟರ ಚೀಟಿ ನೋಡಿ ಸಿರಪ್ ಕೊಟ್ಟರು. ಮುಚ್ಚಳದ ಗೆರೆ ತೋರಿಸಿ, ಐದು ಎಂ.ಎಲ್. ಮಾತ್ರ ಎಂದು ಎರಡು ಸಲ ಹೇಳಿದರು. ಮನೆಯಲ್ಲಿ ಆ ಮುಚ್ಚಳ ಎಲ್ಲೋ ಕಳೆದುಹೋಯಿತು. ಐದು ಅಂದರೆ ಒಂದು ಚಮಚ ತಾನೇ ಎಂದುಕೊಂಡು ಪಲ್ಯ ಬಡಿಸುವ ಚಮಚದಲ್ಲೇ ದಿನಕ್ಕೆ ನಾಲ್ಕು ಸಲ ಕುಡಿಸಿದೆ. ಮೂರು ದಿನ. ಜ್ವರ ಬಿಟ್ಟಿತು, ಮಗುವಿನ ಕಣ್ಣು ಹಳದಿಯಾಯಿತು. ದಾವಣಗೆರೆ ಆಸ್ಪತ್ರೆಯಲ್ಲಿ ಔಷಧಿ ಹೆಚ್ಚಾಗಿ ಲಿವರ್ ಕೆಟ್ಟಿದೆ ಅಂದರು. ಅಲ್ಲಿಂದ ಮಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದೆವು.

ನನ್ನನ್ನು ತವರಿಗೆ ಅಟ್ಟುವ ಮಾತು ಶುರುವಾಯಿತು. ಅತ್ತೆ ಮುಖ ನೋಡುತ್ತಿರಲಿಲ್ಲ. ಇದೆಲ್ಲ ಕಿವಿಗೆ ಬಿದ್ದು ಅಂಗಡಿ ಯಜಮಾನರು ಮನೆಗೆ ಬಂದರು. ಆ ಚಮಚ ತರಿಸಿ, ನೀರು ತುಂಬಿ, ತಾವು ತಂದಿದ್ದ ಮುಚ್ಚಳಕ್ಕೆ ಸುರಿದರು. ಅದೊಂದೇ ಚಮಚದ ನೀರು ಮೂರು ಸಲ ಐದರ ಗೆರೆ ಮುಟ್ಟಿತು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಒಂದು ಚಮಚ ಹಾಕ್ರಿ ಅಂದಿದ್ದು ನಾನು. ಯಾವ ಚಮಚ ಅಂತ ಹೇಳಲಿಲ್ಲ. ಈ ಹೆಣ್ಮಗಳು ಹೇಳಿದಂಗೆ ಮಾಡ್ಯಾಳೆ. ತಪ್ಪು ನಂದೈತೆ."

ಅವರು ಹಾಗೆ ಹೇಳಿರಲೇ ಇಲ್ಲ. ನನಗದು ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನನ್ನ ಗಂಡ ಅವರ ಅಂಗಿ ಹಿಡಿದು ಹೊರಗೆ ದಬ್ಬಿದಾಗಲೂ ಬಿಡಲಿಲ್ಲ.

ಅಂಗಡಿಗೆ ಜನ ಹೋಗುವುದು ನಿಂತಿತು. ವರ್ಷದೊಳಗೆ ಬಾಗಿಲು ಹಾಕಿ, ಹೊನ್ನಾಳಿಯಲ್ಲಿ ಬೇರೆಯವರ ಮೆಡಿಕಲ್‌ನಲ್ಲಿ ಕೆಲಸಕ್ಕೆ ನಿಂತರು. ಒಮ್ಮೆ ಅಲ್ಲಿಗೇ ಹೋಗಿ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ನೀವು ಆ ಮನ್ಯಾಗೆ ಬದುಕಬೇಕಿತ್ತಲ್ರೀ," ಎಂದಷ್ಟೇ ಹೇಳಿ ಗಿರಾಕಿಯ ಕಡೆ ತಿರುಗಿದರು.

ಬದುಕಿದೆ. ಇನ್ನೆರಡು ಮಕ್ಕಳಾದವು. ಮನೆಯಲ್ಲಿ ಮಾತ್ರ ನಿಜ ಹೇಳುವ ಧೈರ್ಯ ಬರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹೋಗಿ ಅವರ ಹೆಂಡತಿಯ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಳಲಿಲ್ಲ.

"ಗೊತ್ತೈತೆ," ಅಂದರು. "ಅವರು ಇರೋವಾಗ ಊರ ಮುಂದೆ ಹೇಳ್ತೀರಿ ಅಂತ ಕಾದೆ. ಈಗ ಯಾರಿಗೆ ಹೇಳಾಕೆ ಬಂದ್ರಿ?"