ತುಳಸಿ ಬುಡಕ್ಕೆ ಹೋದ ಹಾಲು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಐಸಿಯುನಲ್ಲಿ ವೈದ್ಯೆಯಾಗಿದ್ದೆ. ಹತ್ತಿರದ ಪಾರ್ಸಿಪನಿ ಊರಿನ ಶ್ರುತಿಗೆ ಏಳನೇ ತಿಂಗಳಿಗೇ ಹೆರಿಗೆಯಾಗಿ, ಒಂದು ಕೆಜಿಯೂ ತೂಗದ ಗಂಡುಮಗು ನಮ್ಮ ಇನ್‌ಕ್ಯುಬೇಟರ್ ಸೇರಿತ್ತು.

ಇಂಥ ಮಕ್ಕಳ ಕರುಳು ತೀರಾ ಎಳಸು. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರುವ ಮೊದಲೇ ಕೆಟ್ಟವು ಸೇರಿಕೊಂಡರೆ ಕರುಳೇ ಕೊಳೆಯಬಹುದು. ಎನ್‌ಇಸಿ ಎಂಬ ಆ ಕಾಯಿಲೆಯ ಹೆಸರು ಕೇಳಿದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಅದರಿಂದ ಕಾಪಾಡುವುದರಲ್ಲಿ ತಾಯಿಯ ಹಾಲಿಗೆ ಸಮನಾದದ್ದಿಲ್ಲ. ಮೂಗಿನ ನಳಿಕೆಯಲ್ಲಿ ಅದನ್ನೇ ಸ್ವಲ್ಪಸ್ವಲ್ಪವಾಗಿ ಕೊಡುತ್ತಿದ್ದೆವು.

ಶ್ರುತಿ ಮನೆಗೆ ಹೋದ ಮೇಲೆ ಹಾಲು ಬರುವುದು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಗಂಡ ಕಿರಣ್ ಬೆಳಿಗ್ಗೆ ಒಂದೇ ಪುಟ್ಟ ಬಾಟಲಿ ತರುತ್ತಿದ್ದ. ಕೊರತೆಗೆ ದಾನಿಗಳ ಹಾಲು ಕೊಟ್ಟೆವು. ಆದರೆ ಅದನ್ನು ಕಾಯಿಸಿ ಶುದ್ಧ ಮಾಡುವಾಗ ಅದರಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಅಷ್ಟರಲ್ಲಿ ಮಗುವಿನ ಹೊಟ್ಟೆ ಉಬ್ಬಿತು. ಹಾಲು ನಿಲ್ಲಿಸಿ, ಎಕ್ಸ್‌ರೇ ತೆಗೆಸಿ ಕಾದೆವು. ಪುಣ್ಯಕ್ಕೆ ಎನ್‌ಇಸಿ ಅಲ್ಲ. ಇನ್ನು ಹಾಲು ಮತ್ತೆ ಶುರು ಮಾಡಬೇಕು, ಆದರೆ ತಾಯಿಯ ಹಾಲೇ ಸಾಲದು!

ಶ್ರುತಿ, ಕಿರಣ್, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಶ್ರುತಿಯ ತಾಯಿ ಸಾವಿತ್ರಮ್ಮ, ಮೂವರನ್ನೂ ಕೂರಿಸಿಕೊಂಡೆ.

"ದಿನಕ್ಕೆ ಎಷ್ಟು ಸಲ ಪಂಪ್‌ನಲ್ಲಿ ಹಾಲು ತೆಗೀತೀಯಮ್ಮ?"

"ಮೂರು ಗಂಟೆಗೊಂದ್ಸಲ, ಡಾಕ್ಟರ್. ಎಲ್ಲಾ ಫ್ರಿಜ್‌ನಲ್ಲಿ ಇಡ್ತೀನಲ್ಲ."

"ಅಲ್ಲಿರೋದು ಒಂದೇ ಬಾಟಲ್," ಎಂದ ಕಿರಣ್. ಇಬ್ಬರೂ ಸಾವಿತ್ರಮ್ಮನ ಕಡೆ ತಿರುಗಿದರು.

ಆಕೆ ಮುಚ್ಚಿಡಲಿಲ್ಲ. "ನಿನ್ನೆ ಹಾಲು ತಂಗಳಲ್ವಾ ಡಾಕ್ಟ್ರಮ್ಮ? ಎಳೇ ಕೂಸಿಗೆ ತಂಗಳು ಕೊಡ್ತಾರಾ? ಯಾರೂ ತುಳೀಬಾರ್ದು ಅಂತ ತುಳಸಿ ಬುಡಕ್ಕೆ ಹಾಕ್ತಿದ್ದೆ. ಬೆಳಿಗ್ಗೆ ತೆಗೆದದ್ದು ಮಾತ್ರ ಕಳಿಸ್ತಿದ್ದೆ."

ಶ್ರುತಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಹೆಂಗಸು ಚೆಲ್ಲಿದ್ದೂ ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಅಮ್ಮಾ, ನೀವು ಹಾಲಿಗೆ ಹೆಪ್ಪು ಎಲ್ಲಿಂದ ಹಾಕ್ತೀರಿ?"

"ನಿನ್ನೆ ಮೊಸರಿಂದ."

"ಅದು ತಂಗಳಲ್ವಾ?"

ಸಾವಿತ್ರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಈ ಕೂಸಿನ ಹೊಟ್ಟೆಗೆ ಇನ್ನೂ ಹೆಪ್ಪು ಬಿದ್ದಿಲ್ಲ. ಅದಿರೋದು ಅವರಮ್ಮನ ಹಾಲಲ್ಲಿ. ಫ್ರಿಜ್‌ನಲ್ಲಿಟ್ರೆ ಎರಡು ದಿನಕ್ಕೆಲ್ಲ ಕೆಡಲ್ಲ."

"ಅಯ್ಯೋ ದೇವರೇ, ಹೆಪ್ಪನ್ನೇ ಚೆಲ್ಲಿಬಿಟ್ನಾ!"

ಮರುದಿನದಿಂದ ಹಾಲಿನ ಬಾಟಲಿಗಳ ಐಸ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಆಕೆಯೇ ಕಿರಣ್‌ನ ಕಾರಿನಲ್ಲಿ ಬರತೊಡಗಿದರು. "ತುಳಸಿ ಮಾತ್ರ ಸೊರಗ್ತಿದೆ ಡಾಕ್ಟರ್," ಎಂದು ಕಿರಣ್ ಅತ್ತೆಯನ್ನು ಕಾಡಿಸುತ್ತಿದ್ದ. ಮಗುವಿನ ಹೊಟ್ಟೆ ಮತ್ತೆ ಉಬ್ಬಲಿಲ್ಲ.

ಅಂದಿನಿಂದ ನಿವೃತ್ತಿಯಾಗುವ ತನಕ, ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯುವವರೆಲ್ಲರನ್ನೂ ಕೂರಿಸಿಕೊಂಡು ಮಾತಾಡದೆ ಯಾವ ತಾಯಿಯನ್ನೂ ನಾನು ಮನೆಗೆ ಕಳಿಸಲಿಲ್ಲ. ಆ ಮಗು ಮನೆಗೆ ಹೊರಟ ದಿನ ಸಾವಿತ್ರಮ್ಮ ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಕೇಳಿದರು, "ಹೆಪ್ಪು ಬಿದ್ದಿದೆ ತಾನೇ, ಡಾಕ್ಟ್ರಮ್ಮ?"

 ಹೂಂ ಎಂದು ತಲೆಯಾಡಿಸಿದೆ.